ನಾಲ್ಕನೆಯ ಹೆಗಲು

"ನಿಲ್ಲಿ. ಇನ್ನೂ ಎತ್ತಬೇಡಿ."

ಪೆಟ್ಟಿಗೆಯ ನಾಲ್ಕು ಮೂಲೆಗೆ ನಾಲ್ವರು ಬಗ್ಗಿ, ಹಿಡಿಗೆ ಕೈ ಹಾಕಿ, ಒಂದು ಎರಡು ಎನ್ನುವಷ್ಟರಲ್ಲಿ ಸತ್ತವನ ಮಗಳು ಬಾಗಿಲಿಗೆ ಅಡ್ಡ ಬಂದು ನಿಂತಳು. ಒಂದು ಕಾಲು ಹೊಸ್ತಿಲ ಮೇಲೆ, ಎರಡು ಕೈ ಚೌಕಟ್ಟಿನ ಮೇಲೆ. ಬಗ್ಗಿದವರು ಬಗ್ಗಿದಂತೆಯೇ ಕತ್ತೆತ್ತಿ ನೋಡಿದರು. ಹಿಂದಿನ ಬಲಮೂಲೆಯಲ್ಲಿದ್ದವನು ಬಸ್ ಡಿಪೋದ ಡ್ರೈವರ್. ಊರಿಗೆಲ್ಲ ಅವನು ಹಾರನ್. ಸಂದು ಸಿಕ್ಕಲ್ಲಿ ಬಾರಿಸಿಕೊಂಡು ಹೋಗುವ ಚಟಕ್ಕೆ ಬಂದ ಹೆಸರು. ಅವನ ಸೊಂಟ ಆಗಲೇ ಹಿಡಿದುಕೊಳ್ಳಲು ಶುರುವಾಗಿತ್ತು.

"ಏನಮ್ಮಾ ಇದು," ಎಂದ ಚಿಕ್ಕಪ್ಪ. ಸತ್ತವನ ತಮ್ಮ ಅವನು, ವೆಲ್ಡಿಂಗ್ ಅಂಗಡಿಯವನು. "ಗಾಡಿ ಬಂದು ನಿಂತು ಅರ್ಧ ಗಂಟೆ ಆಯ್ತು."

"ನಿಂತಿರಲಿ ಚಿಕ್ಕಪ್ಪ." ಅವಳು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವಳು. ಒಂದು ತಪ್ಪು ಕಣ್ಣಿಗೆ ಬಿದ್ದರೆ ಅದನ್ನು ದಾಟಿ ಮುಂದಿನ ಸಾಲಿಗೆ ಹೋಗುವ ಜಾಯಮಾನವಲ್ಲ. "ಹದಿನಾಲ್ಕು ವರ್ಷದ ಹಿಂದೆ ಅಪ್ಪನ ಕಣ್ಣು ಒಡೆದವನು ಡಿಪೋದವನೇ. ಅವನು ಇವತ್ತು ಬಂದಿರ್ತಾನೆ. ಬರಲಿ, ನೋಡಲಿ, ಹೋಗಲಿ. ಹೆಗಲು ಮಾತ್ರ ಕೊಡಬಾರದು. ಹೊರೋರು ಒಬ್ಬೊಬ್ಬರಾಗಿ 'ನಾನು ಹೊಡೆದಿಲ್ಲ' ಅಂತ ಹೇಳಿ. ಆಮೇಲೆ ಎತ್ತಿ."

ಅಂಗಳದಲ್ಲಿ ಗುಜುಗುಜು ಎದ್ದಿತು. ಡಿಪೋದಿಂದ ಇಪ್ಪತ್ತು ಮೂವತ್ತು ಜನ ಬಂದಿದ್ದರು. ಪ್ರೀತಿಯಿಂದ ಬಂದವರನ್ನು ಒಂದು ಕೈಬೆರಳಲ್ಲಿ ಎಣಿಸಬಹುದಿತ್ತು. ಉಳಿದವರು ಬರದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಬಂದವರು. ಡಿಪೋದಲ್ಲಿ ಸತ್ತವನ ಹೆಸರು ಬ್ರೇಕ್. ಬ್ರೇಕ್ ಪರೀಕ್ಷೆ ಮಾಡುತ್ತಿದ್ದ ಎಂದು ಮೊದಲು ಇಟ್ಟದ್ದು. ಆಮೇಲೆ ಎಲ್ಲರ ಬಾಳಿಗೂ ಬ್ರೇಕ್ ಹಾಕಿದ ಎಂಬ ಅರ್ಥದಲ್ಲಿ ಉಳಿದದ್ದು.

"ಬದುಕಿದ್ದಾಗ ನಮ್ಮ ಬಸ್ ನಿಲ್ಲಿಸ್ದ. ಈಗ ತನ್ನ ಗಾಡೀನೇ ನಿಲ್ಲಿಸ್ಕೊಂಡ," ಎಂದ ಟೈಮ್‌ಕೀಪರ್, ಕೈಗಡಿಯಾರ ನೋಡುತ್ತ.

"ಮಗಳಲ್ವಾ. ನೂಲಿನಂತೆ ಸೀರೆ," ಎಂದ ಪೆಟ್ಟಿಗೆಯ ಮುಂಭಾಗದಲ್ಲಿದ್ದ ಕಂಡಕ್ಟರ್. ಯಾರಿಗೂ ಚಿಲ್ಲರೆ ವಾಪಸು ಕೊಡದ್ದರಿಂದ ಅವನ ಹೆಸರು ಚಿಲ್ಲರೆ. ಅವನು ಸುತ್ತ ನೋಡಿ ಹಲ್ಲುಬಿಟ್ಟ. "ಹೆಗಲು ಮುಟ್ಟಿ ನೋಡ್ಕೊಂಡವನೇ ಕುಂಬಳಕಾಯಿ ಕಳ್ಳ ನೋಡ್ರಪ್ಪ."

ಯಾರೂ ನಗಲಿಲ್ಲ. ಹಾರನ್ ಎರಡೂ ಕೈಯನ್ನು ಹಿಡಿಯ ಮೇಲೆಯೇ ಬಿಗಿಯಾಗಿ ಇಟ್ಟುಕೊಂಡ. ಹೊಡೆದವನು ಅವನೇ. ಅದು ಗೊತ್ತಿದ್ದವರು ಲೋಕದಲ್ಲಿ ಇಬ್ಬರು, ಈಗ ಒಬ್ಬ. ಅವನು ಈ ದಿನ ಬಂದದ್ದೇ ಆ ಮಾತು ಮಣ್ಣಿನೊಳಗೆ ಹೋಗುವುದನ್ನು ಕಣ್ಣಾರೆ ನೋಡಿ ಬರಲು.

*

ಬ್ರೇಕ್‌ನ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಯಾರೂ ಹೇಳಿಕೊಟ್ಟದ್ದಲ್ಲ, ಅವನೇ ಹಾಕಿಕೊಂಡದ್ದು. ಬೆಳಗ್ಗೆ ಬಸ್ಸನ್ನು ಗುಂಡಿಯ ಮೇಲೆ ನಿಲ್ಲಿಸಿದರೆ ಅವನು ಗುಂಡಿಗೆ ಇಳಿಯುತ್ತಿದ್ದ. ಕೆಳಗಿನಿಂದ "ಒತ್ತು" ಎನ್ನುವನು. ಮೇಲೆ ಡ್ರೈವರ್ ಪೆಡಲ್ ಒತ್ತುವನು. ಚಕ್ರ ಚಕ್ರಕ್ಕೂ ನೋಡಿ "ಹಿಡಿದಿದೆ" ಎನ್ನುವನು, ಇಲ್ಲವೆ "ಹಿಡಿದಿಲ್ಲ" ಎನ್ನುವನು. ಹಿಡಿದ ಬಸ್ಸಿನ ಕನ್ನಡಿಗೆ ಹಸಿರು ತಗಡು, ಹಿಡಿಯದ್ದಕ್ಕೆ ಕೆಂಪು. ಹಸಿರು ಹಾಕಿದ ಬಸ್ಸುಗಳಲ್ಲಿ ಒಂದನ್ನು ಆರಿಸಿ ಅದರ ಮೊದಲ ಟ್ರಿಪ್ಪಿಗೆ ತಾನೇ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಿದ್ದ. ಯಾವುದನ್ನು ಆರಿಸುತ್ತಾನೆಂದು ಮೊದಲೇ ಯಾರಿಗೂ ಹೇಳುತ್ತಿರಲಿಲ್ಲ. ಕೆಂಪು ಹಾಕಿದ ದಿನ ಸಂಜೆ ಮನೆಗೆ ಮೂರು ಮೈಲಿ ನಡೆದೇ ಹೋಗುತ್ತಿದ್ದ. ಯಾರೋ ಕೇಳಿದ್ದಕ್ಕೆ, "ಅವರ ಬಸ್ ನಿಲ್ಸಿ ನಾನು ಬಸ್ಸಲ್ಲಿ ಹೋಗೋದಾ," ಎಂದಿದ್ದ.

ಕಣ್ಣು ಹೋದ ಆ ವರ್ಷ ಅವನು ಒಂದೇ ವಾರದಲ್ಲಿ ಏಳು ಬಸ್ಸಿಗೆ ಕೆಂಪು ಹಾಕಿದ. ಭಾಗಗಳು ಹೊರಗಿನಿಂದ ಬರಬೇಕು. ನಲವತ್ತು ದಿನ ಏಳೂ ಬಸ್ಸು ಶೆಡ್ಡಿನಲ್ಲಿ ಕೂತವು, ಅವುಗಳ ಡ್ರೈವರುಗಳು ಮನೆಯಲ್ಲಿ ಕೂತರು. ಬಸ್ ಓಡಿದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಹಾರನ್ ತರಕಾರಿ ಮಾರುಕಟ್ಟೆಗೆ ಹೋಗಿ ಮೂಟೆ ಹೊತ್ತ. ಹದಿನೆಂಟನೆಯ ದಿನ ಈರುಳ್ಳಿ ಮೂಟೆಯ ಜೊತೆ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ. ಆ ಸೊಂಟ ಮತ್ತೆ ನೆಟ್ಟಗಾಗಲಿಲ್ಲ.

ನಲವತ್ತೊಂದನೆಯ ದಿನ ಭಾಗಗಳು ಬಂದವು, ಚಕ್ರಗಳನ್ನು ಬಿಚ್ಚಿ ನೋಡಿದರು. ನಾಲ್ಕರಲ್ಲಿ ಬ್ರೇಕ್ ಸವೆದು ಹೋಗಿತ್ತು. ಮೂರರಲ್ಲಿ ಏನೂ ಆಗಿರಲಿಲ್ಲ. ಅಂದು ಗುಂಡಿಯಲ್ಲಿದ್ದವರು ಬ್ರೇಕ್ ಮತ್ತು ಒಬ್ಬ ಫಿಟ್ಟರ್ ಇಬ್ಬರೇ. ಬಾಯಿ ಮುಚ್ಚಿಕೊಂಡಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಫಿಟ್ಟರ್ ಹಾಗೇ ಹೇಳಿದ ಕೂಡ. ಬ್ರೇಕ್ ಗುಂಡಿ ಹತ್ತಿ ಬಂದು, ಪಾಳಿ ಬರೆಯುವ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: "ಏಳರಲ್ಲಿ ಮೂರು ಬಸ್ಸು ಸರಿಯಿದ್ದವು. ತಪ್ಪು ನನ್ನದು." ಮೂರರ ನಂಬರನ್ನೂ ಬರೆದ. ನಡುವಿನ ನಂಬರು ಹಾರನ್‌ನ ಬಸ್ಸಿನದು.

ಮರುದಿನ ಬೆಳಗ್ಗೆ ಏಳು ಗಂಟೆಗೆ ಬ್ರೇಕ್ ಗುಂಡಿಯ ಮೆಟ್ಟಿಲು ಹತ್ತಿ ಬರುವಾಗ ಹಾರನ್ ಅಲ್ಲಿ ನಿಂತಿದ್ದ, ಕೈಯಲ್ಲಿ ವೀಲ್ ಸ್ಪ್ಯಾನರ್. ಬ್ರೇಕ್ ಅವನನ್ನು ನೋಡಿ, "ನಿಂಗೆ ಹೇಳೋಣ ಅಂತಾನೇ ಬರ್ತಿದ್ದೆ," ಎಂದ. ಅಷ್ಟು ಸಾಕಾಯಿತು. ಒಂದೇ ಏಟು.

ಆಸ್ಪತ್ರೆಗೆ ಪೊಲೀಸರು ಬಂದರು. ಹೊಡೆದವನನ್ನು ನೋಡಿದಿರಾ ಎಂದರು. ನೋಡಿದೀನಿ ಎಂದ. ಯಾರು ಎಂದರು. ಹೇಳಲ್ಲ ಎಂದ. ಇನ್‌ಸ್ಪೆಕ್ಟರ್ ಒಳ್ಳೆಯವನೇ, "ಕತ್ತಲಿತ್ತು, ಕಾಣಿಸ್ಲಿಲ್ಲ ಅನ್ನಿ, ನಾವೂ ಬರ್ಕೊಂಡು ಹೋಗ್ತೀವಿ," ಎಂದು ದಾರಿ ತೋರಿಸಿದ. "ಬೆಳಕಿತ್ತು. ಕಾಣಿಸ್ತು," ಎಂದ ಬ್ರೇಕ್. ಗಾಯ ಒಣಗುವ ಮೊದಲೇ ಅವನನ್ನು ಸ್ಟೇಷನ್ನಿಗೆ ಕರೆಸಿ ಎರಡು ದಿನ ಬೆಂಚಿನ ಮೇಲೆ ಕೂರಿಸಿದರು. ಎರಡು ದಿನವೂ ಅದೇ ಮಾತು.

ಈ ಕತೆಯನ್ನು ಡಿಪೋದ ಕ್ಯಾಂಟೀನಿನಲ್ಲಿ ಹೇಳಿಕೊಂಡು ಎಲ್ಲರೂ ನಕ್ಕರು. ಹಾರನ್ ಕೂಡ ನಕ್ಕ. ನಗುತ್ತ ಚಹಾವನ್ನು ಪ್ಯಾಂಟಿನ ಮೇಲೆ ಚೆಲ್ಲಿಕೊಂಡ.

*

"ನಾನು ಅವನ ತಮ್ಮ ಕಣೇ," ಎನ್ನುತ್ತಿದ್ದ ಚಿಕ್ಕಪ್ಪ. ಮುಖ ಕೆಂಪಾಗಿತ್ತು. "ನನ್ನನ್ನೂ ಕೇಳ್ತೀಯಾ?"

"ಎಲ್ಲರನ್ನೂ ಕೇಳ್ತೀನಿ."

"ಹೊಡೀಬೇಕು ಅಂತ ನೂರು ಸಲ ಅನ್ನಿಸಿದೆ. ಇವನ ಹಟಕ್ಕೆ ನಮ್ಮಪ್ಪನ ಕಾಲದಿಂದ ಸಾಕಾಗಿ ಹೋಗಿತ್ತು. ಹೊಡೆದಿಲ್ಲ. ಸಾಕಾ?"

"ಸಾಕು."

ಮುಂಭಾಗದಲ್ಲಿ ಅವನ ಜೊತೆಗಿದ್ದ ಚಿಲ್ಲರೆ ಗಂಟಲು ಸರಿಮಾಡಿಕೊಂಡ. "ನಾನು ಹೊಡೆದಿಲ್ಲಮ್ಮ. ಹೊಡೆದವನಿಗೆ ಆವತ್ತು ಟೀ ಕುಡಿಸೋಣ ಅಂತ ಹುಡುಕಿದ್ದು ನಿಜ. ಸಿಗಲಿಲ್ಲ."

"ಸತ್ತವರ ಮುಂದೆ ಆಡೋ ಮಾತಾ ಅದು," ಎಂದು ಒಳಗಿನಿಂದ ಒಬ್ಬ ಹೆಂಗಸು ಗದರಿದಳು.

"ನಿಜ ಹೇಳು ಅಂದ್ರು, ಹೇಳ್ದೆ," ಎಂದ ಚಿಲ್ಲರೆ. "ಈ ಮನೆಯಲ್ಲಿ ನಿಜಕ್ಕೇನು ಬರವಾ?"

ಹಿಂದಿನ ಎಡಮೂಲೆಯಲ್ಲಿದ್ದ ಫಿಟ್ಟರ್ ಮೆಲ್ಲಗೆ "ಇಲ್ಲಮ್ಮ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಬೆರಳಲ್ಲಿ ಎಣಿಸಬಹುದಾದವರಲ್ಲಿ ಅವನೊಬ್ಬ.

ಮಗಳು ಒಂದು ಸಲ ಅಪ್ಪನ ಪೆಟ್ಟಿಗೆಯ ಕಡೆ ನೋಡಿದಳು. "ಈ ಸಲ ಆಸ್ಪತ್ರೇಲಿ ಮಲಗಿದ್ದಾಗ ಒಂಬತ್ತು ದಿನ ಕೇಳ್ದೆ. ಯಾರಪ್ಪಾ ಅಂತ. ಉಸಿರು ಸಿಗ್ತಿರಲಿಲ್ಲ, ಆದ್ರೂ ಹೇಳಲಿಲ್ಲ. 'ಅವನೇ ಹೇಳ್ತಾನೆ, ನಂಗೆ ನಂಬಿಕೆ ಇದೆ' ಅಂದ್ರು. ಯಾವಾಗ ಅಂದೆ. 'ಅದು ಅವನ ಕೆಲಸ, ನನ್ನದಲ್ಲ' ಅಂದ್ರು." ಅವಳು ಚೌಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ನಂಗೆ ಆ ನಂಬಿಕೆ ಇಲ್ಲ. ಅದಕ್ಕೇ ಬಾಗಿಲಿಗೆ ನಿಂತು ಕೇಳ್ತಿದೀನಿ."

ಹಾರನ್‌ಗೆ ಮೈಯೆಲ್ಲ ಉರಿಯಿತು. ಸತ್ತು ಪೆಟ್ಟಿಗೆಯೊಳಗೆ ಮಲಗಿದ ಮೇಲೂ ಈ ಮನುಷ್ಯ ತನ್ನನ್ನು ಬಿಡುತ್ತಿಲ್ಲ. ಹದಿನಾಲ್ಕು ವರ್ಷ ಕಾದದ್ದು ಸಾಲದೆಂದು ಈಗ ಮಗಳ ಬಾಯಿಂದ ಕೇಳಿಸುತ್ತಿದ್ದಾನೆ.

*

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಮರಳಿದ ಮೊದಲ ದಿನ ಬ್ರೇಕ್ ಸೀದಾ ಹಾರನ್‌ನ ಬಸ್ಸಿಗೆ ಹತ್ತಿದ. ಪಕ್ಕದ ಸೀಟಿನಲ್ಲಿ ಕೂತ. ಹೋದದ್ದು ಬಲಗಣ್ಣು. ಅಲ್ಲಿ ಕೂತರೆ ಅದು ಡ್ರೈವರ್ ಕಡೆಗೇ ಬರುತ್ತಿತ್ತು. ಹಾರನ್ ಏನು ಮಾಡಿದರೂ, ಕೈ ಎತ್ತಿದರೂ, ಅವನಿಗೆ ಕಾಣುವಂತಿರಲಿಲ್ಲ.

"ತಿಂಡಿ ಆಯ್ತೇನಪ್ಪಾ?" ಎಂದ.

ಹಾರನ್ ಗೇರ್ ಹಾಕಿದ. ಬಸ್ ಎರಡು ನಿಲ್ದಾಣ ದಾಟಿದ ಮೇಲೆ ತಡೆಯಲಾಗದೆ ಹೇಳಿದ: "ಪೊಲೀಸರಿಗೆ ಹೇಳು. ಇಲ್ಲ, ತಿರುಗಿ ಹೊಡಿ. ಎರಡರಲ್ಲಿ ಒಂದು ಮಾಡು."

"ಸ್ವಲ್ಪ ಎಡಕ್ಕೆ ಎಳೀತಿದೆ ನೋಡು," ಎಂದ ಬ್ರೇಕ್. "ಸಂಜೆ ಗುಂಡಿಗೆ ತಗೊಂಡು ಬಾ."

"ನಿನ್ನ ಒಳ್ಳೆತನ ನಂಗೆ ಬೇಡ."

"ಒಳ್ಳೆತನ ಅಲ್ಲಪ್ಪ. ನಂಗೂ ಸಿಟ್ಟಿದೆ. ಕಣ್ಣು ಹೋಗಿದೆ, ಸಿಟ್ಟಿರಲ್ವಾ? ನಿನ್ನ ಸೊಂಟ ಹೋಗಿದ್ದು ನನ್ನಿಂದ. ಅದನ್ನ ನಾನು ಹಲಗೆ ಮೇಲೆ ಬರೆದೆ. ನಿಂದು ನೀನು ಬರಿ. ನಾನು ಬರೆದ್ರೆ ಅದು ನಿಂದಾಗಲ್ಲ."

ಅಂದಿನಿಂದ ವಾರಕ್ಕೆ ಒಂದೋ ಎರಡೋ ಬೆಳಗ್ಗೆ ಅವನು ಹಾರನ್‌ನ ಬಸ್ಸನ್ನೇ ಆರಿಸುತ್ತಿದ್ದ. ತಿಂಡಿಯ ಮಾತು, ಬ್ರೇಕಿನ ಮಾತು, ಮಗಳ ಓದಿನ ಮಾತು. ಹಾರನ್‌ಗೆ ಅದು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೇರೆ ಪಾಳಿ ಕೇಳಿದ, ಸಿಗಲಿಲ್ಲ. ಬೈದ, ಬ್ರೇಕ್ ಕೇಳಿಸಿಕೊಂಡ. ಎರಡು ವರ್ಷ ಮಾತೇ ಬಿಟ್ಟ. ಬ್ರೇಕ್ ಒಬ್ಬನೇ ಆಡಿಕೊಂಡು ಬಂದ.

ಒಮ್ಮೆ, ಬಸ್ ಖಾಲಿಯಿದ್ದ ಒಂದು ಬೆಳಗ್ಗೆ, ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಹಾರನ್ ಬ್ರೇಕಿನ ಮೇಲಿಂದ ಕಾಲು ತೆಗೆದ. ಕಿರಿದಾದ, ಕಡಿದಾದ ರಸ್ತೆ ಅದು. ಕೊನೆಗೆ ಕಾಲುವೆಯ ಮೋಟುಗೋಡೆ. ಬಸ್ ಕಲ್ಲು ಉರುಳಿದ ಹಾಗೆ ಇಳಿಯಿತು. ಪಕ್ಕದವನು ಕಿರುಚಲಿ, ಕೈ ಮುಗಿಯಲಿ, ಒಂದು ಸಲವಾದರೂ ಹೆದರಲಿ ಎಂದು ಅವನು ಕಾದ. ಬ್ರೇಕ್ ಮುಂದಿನ ಸರಳನ್ನು ಹಿಡಿದುಕೊಂಡ. ಬೆರಳು ಬೆಳ್ಳಗಾಗಿದ್ದವು. ಹೆದರಿದ್ದ.

"ಬ್ರೇಕ್ ನಾನೇ ನೋಡಿದ್ದು," ಎಂದ. "ಒತ್ತಿದ್ರೆ ನಿಲ್ಲುತ್ತೆ. ನೀನು ಒತ್ತುತೀಯ."

ಹಾರನ್ ಒತ್ತಿದ. ಬಸ್ ಗೋಡೆಗೆ ಮೂರು ಮೊಳ ಇದ್ದಾಗ ನಿಂತಿತು. ಆ ದಿನದಷ್ಟು ಹಾರನ್ ಯಾರನ್ನೂ ದ್ವೇಷಿಸಿರಲಿಲ್ಲ.

*

ಹಾರನ್‌ನ ಸರದಿ ಬಂತು. ಅವನು ಬಾಯಿ ತೆರೆಯುವ ಮೊದಲೇ ಮಗಳು ಚೌಕಟ್ಟಿನಿಂದ ಕೈ ತೆಗೆದಳು.

"ಮಾಮ, ನೀವು ಹೇಳೋದು ಬೇಡ. ಅಷ್ಟು ವರ್ಷ ಪಕ್ಕದಲ್ಲಿ ಕೂರಿಸ್ಕೊಂಡು ಹೋದವರು ನೀವು. ಡಿಪೋದವರಲ್ಲಿ ಅಪ್ಪ ದಿನಾ ಹೆಸರು ಎತ್ತುತಿದ್ದಿದ್ದು ನಿಮ್ಮದೊಂದೇ. ನಡೀರಿ, ಎತ್ತಿ."

ಅಡ್ಡವಿದ್ದ ಕಾಲನ್ನೂ ಅವಳು ತೆಗೆದಳು. ದಾರಿ ಬಿಚ್ಚಿತು. ಸುಳ್ಳು ಹೇಳುವ ಕಷ್ಟವೂ ಇಲ್ಲ, ಬರೇ ಎತ್ತಿದರಾಯಿತು. ಅರ್ಧ ಗಂಟೆಯಲ್ಲಿ ಎಲ್ಲ ಮಣ್ಣಿನೊಳಗೆ. ಚಿಕ್ಕಪ್ಪ "ಹೂಂ" ಎಂದ. ನಾಲ್ವರೂ ಬಗ್ಗಿದರು.

ಹಾರನ್ ಎತ್ತಲಿಲ್ಲ. ಉಳಿದ ಮೂರು ಮೂಲೆ ಮೇಲೆದ್ದು ಪೆಟ್ಟಿಗೆ ವಾಲಿತು.

"ಏನಾಯ್ತಯ್ಯಾ, ಸೊಂಟಾನಾ?" ಎಂದ ಚಿಲ್ಲರೆ.

"ಕೆಳಗಿಡಿ," ಎಂದ ಹಾರನ್. ಈ ಹುಡುಗಿ ಇನ್ನೆಷ್ಟು ವರ್ಷ ದಾರಿಯಲ್ಲಿ ಕಂಡಾಗಲೆಲ್ಲ ತನ್ನನ್ನು ಮಾಮ ಎನ್ನುತ್ತಾಳೆ ಎಂಬುದೊಂದೇ ಅವನ ತಲೆಯಲ್ಲಿತ್ತು. ದನಿ ಸಿಟ್ಟಿನಿಂದ ಏರಿತು. "ಸಾಯೋವರೆಗೂ ಬಿಡಲಿಲ್ಲ, ಸತ್ತ ಮೇಲೂ ಬಿಡಲಿಲ್ಲ ನಿಮ್ಮಪ್ಪ. ನಾನೇ ಹೊಡೆದದ್ದು. ವೀಲ್ ಸ್ಪ್ಯಾನರಲ್ಲಿ. ಬೆಳಗ್ಗೆ ಏಳಕ್ಕೆ. ಸಾಕಾ?"

ಚಿಕ್ಕಪ್ಪ ಪೆಟ್ಟಿಗೆಯನ್ನು ಸುತ್ತಿ ಬಂದು ಹಾರನ್‌ನ ಕೊರಳಪಟ್ಟಿ ಹಿಡಿದ. ಇನ್ನೊಂದು ಕೈ ಮೇಲೆದ್ದಿತ್ತು. ಕಬ್ಬಿಣ ಬಡಿದು ಬಡಿದು ಗಟ್ಟಿಯಾದ ಕೈ. ಹಾರನ್ ಮುಖ ತಿರುಗಿಸಲಿಲ್ಲ. ಬೀಳಲಿ ಎಂದೇ ನಿಂತಿದ್ದ. ಬಿದ್ದರೆ ಲೆಕ್ಕ ಚುಕ್ತಾ.

ಮಗಳ ಮುಷ್ಟಿಯೂ ಬಿಗಿದಿತ್ತು. ಅವಳೇ ಮೊದಲು ಹೊಡೆಯುತ್ತಾಳೆ ಎಂದು ನೋಡುತ್ತಿದ್ದವರಿಗೆ ಅನ್ನಿಸಿತು.

"ಚಿಕ್ಕಪ್ಪ, ಕೈ ಇಳಿಸಿ."

"ಕಣ್ಣು ತೆಗೆದ ಬೋಳಿಮಗನಿಗೆ—"

"ಇಳಿಸಿ. ಅಪ್ಪ ಇನ್ನೂ ಮನೇಲೇ ಇದಾರೆ."

ಚಿಕ್ಕಪ್ಪನ ಕೈ ಇಳಿಯಿತು. ಅವಳು ಹಾರನ್ ಕಡೆ ತಿರುಗಿದಳು. ಮಾಮ ಎನ್ನಲಿಲ್ಲ. "ಹಿಡಿ ಬಿಟ್ಟು ಆಚೆ ಹೋಗಿ. ನಾನು ಹೇಳಿದ ಮಾತು ಹೇಳಿದ್ದೇ. ನೀವು ಹೆಗಲು ಕೊಡಬಾರದು."

ಹಾರನ್ ಆಚೆ ಹೋದ. ಅವನ ಜಾಗಕ್ಕೆ ಟೈಮ್‌ಕೀಪರ್ ಗೊಣಗುತ್ತ ಬಂದ.

*

ಗಾಡಿ ಎಂದರೆ ಡಿಪೋದ ಹಳೆಯ ವ್ಯಾನು. ಟಯರು, ಎಣ್ಣೆ ಡಬ್ಬ ಸಾಗಿಸುವುದಕ್ಕೆ ಇಟ್ಟದ್ದು. ಸ್ಮಶಾನ ಇದ್ದದ್ದು ನೀರಿನ ಟ್ಯಾಂಕಿನ ಇಳಿಜಾರಿನ ಕೆಳಗೆ, ಕಾಲುವೆಯ ಪಕ್ಕ. ಪೆಟ್ಟಿಗೆ ವ್ಯಾನಿನ ಬಾಗಿಲಿಗೆ ಬಂದಾಗ ಮಗಳು ನಿಂತಳು.

"ಇದರ ಬ್ರೇಕ್ ಯಾರು ನೋಡಿದಾರೆ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನೋಡುವವನು ಪೆಟ್ಟಿಗೆಯಲ್ಲಿದ್ದ.

"ಅಯ್ಯೋ, ನಾಲ್ಕು ಹೆಜ್ಜೆ ದಾರಿ," ಎಂದ ಟೈಮ್‌ಕೀಪರ್. "ಅದಕ್ಕೂ ಪರೀಕ್ಷೆನಾ?"

ಜನರ ಹಿಂದೆ ನಿಂತಿದ್ದ ಹಾರನ್ ಮುಂದೆ ಬಂದ. ಯಾರೂ ದಾರಿ ಬಿಡಲಿಲ್ಲ. ಒಬ್ಬ ಅವನ ಕಾಲ ಬಳಿ ಉಗಿದ. ಅವನು ಒಗೆದ ಅಂಗಿಯಲ್ಲೇ ಮಣ್ಣಿನ ಮೇಲೆ ಮಲಗಿದ, ಸೊಂಟವನ್ನು ಕೈಯಲ್ಲಿ ಹಿಡಿದುಕೊಂಡು ವ್ಯಾನಿನ ಕೆಳಗೆ ತೆವಳಿದ.

"ಒತ್ತು," ಎಂದ ಕೆಳಗಿನಿಂದ. ಫಿಟ್ಟರ್ ಹತ್ತಿ ಕೂತು ಪೆಡಲ್ ಒತ್ತಿದ. ಹಾರನ್ ಬಿಡಿಸಿ, ಮತ್ತೆ ಒತ್ತಿಸಿದ. ಸ್ವಲ್ಪ ಹೊತ್ತು ಕಳೆದು ಹಾರನ್ ಹೊರಬಂದು ಕೂತ. ಕೈಗೆ ಎಣ್ಣೆ ಹತ್ತಿತ್ತು.

"ಹಿಂದಿನ ಬಲಚಕ್ರ ಹಿಡಿದಿಲ್ಲ. ಎಣ್ಣೆ ಸೋರ್ತಿದೆ. ಇದು ಇಳಿಜಾರಿಗೆ ಬೇಡ."

"ತೊಲಗಿತು ಅಂದ್ರೆ ಇನ್ನೊಬ್ಬ ಬ್ರೇಕ್ ಹುಟ್ಕೊಂಡ," ಎಂದ ಚಿಲ್ಲರೆ. ಈ ಸಲ ಎರಡು ಮೂರು ಜನ ನಕ್ಕರು, ಒಳ್ಳೆಯ ನಗುವಲ್ಲ. ಹೊಡೆದವನ ಮಾತು ಕಟ್ಟಿಕೊಂಡು ಬಿಸಿಲಲ್ಲಿ ನಡೆಯಬೇಕೇ ಎಂದು ಕೆಲವರು ಕೂಗಾಡಿದರು. ನಾಲ್ಕೈದು ಜನ ಅಲ್ಲಿಂದಲೇ ಮನೆಗೆ ಹೋದರು.

ಮಗಳು ಒಳಗೆ ಹೋಗಿ ಅಪ್ಪನ ಕೆಲಸದ ಚೀಲದಿಂದ ಕೆಂಪು ತಗಡನ್ನು ತಂದಳು. ಹಾರನ್‌ನ ಕೈಗೆ ಕೊಡಲಿಲ್ಲ; ಅವನ ಮುಂದೆ ನೆಲದ ಮೇಲೆ ಇಟ್ಟಳು. ಅವನು ಎದ್ದು ಅದನ್ನು ವ್ಯಾನಿನ ಕನ್ನಡಿಗೆ ಸಿಕ್ಕಿಸಿದ.

"ಹೊತ್ಕೊಂಡು ಹೋಗೋಣ," ಎಂದಳು ಅವಳು. "ಕೆಂಪು ಹಾಕಿದ ದಿನ ಅಪ್ಪ ನಡೆದೇ ಹೋಗ್ತಿದ್ರು."

ಟ್ಯಾಂಕಿನವರೆಗೆ ಸಮತಟ್ಟು. ಆಮೇಲೆ ಇಳಿಜಾರು ಶುರುವಾಯಿತು. ಭಾರ ಮುಂದಿನವರ ಮೇಲೆ ಬಿತ್ತು. ಟೈಮ್‌ಕೀಪರ್ ಹಿಂದೆ ಸರಿದಾಗ ಅವನ ಮೂಲೆಯನ್ನು ಮಗಳೇ ತೆಗೆದುಕೊಂಡಳು. ಹಾರನ್ ಎಲ್ಲರಿಗಿಂತ ಹಿಂದೆ, ಹತ್ತು ಮಾರು ಬಿಟ್ಟು, ಒಂದು ಕಡೆ ವಾಲಿಕೊಂಡು ನಡೆಯುತ್ತಿದ್ದ. ಅವನ ಜೊತೆ ಯಾರೂ ನಡೆಯಲಿಲ್ಲ.

ಇಳಿಜಾರಿನ ಅರ್ಧದಲ್ಲಿ ಚಿಲ್ಲರೆಯ ಮಂಡಿ ಕುಸಿಯಿತು. "ಇಳಿಸ್ರಪ್ಪಾ, ಒಂದ್ನಿಮಿಷ, ಇಳಿಸಿ." ಅವಸರದಲ್ಲಿ ರಸ್ತೆಯ ಮೇಲೆ ಇಟ್ಟರು. ಪೆಟ್ಟಿಗೆಯ ಅಡಿಗೆ ಎರಡು ಕಬ್ಬಿಣದ ಪಟ್ಟಿ ಹೊಡೆದಿದ್ದರು. ಇಟ್ಟವರು ಕೈ ತೆಗೆದು ಬೆವರು ಒರೆಸುವಷ್ಟರಲ್ಲಿ ಅದು ಕರಕರ ಎಂದು ಒಂದು ಗೇಣು ಜಾರಿತು. ಮತ್ತೆ ಒಂದು ಗೇಣು. ಕೆಳಗೆ ಕಾಲುವೆಯ ಗೋಡೆ ಕಾಣುತ್ತಿತ್ತು.

"ಹಿಡೀರಿ," ಎಂದ ಚಿಕ್ಕಪ್ಪ. ಅವನ ಕೈ ಹಿಡಿಯಿಂದ ಜಾರಿತು.

ಹಿಂದಿನಿಂದ ಓಡಿ ಬಂದವನು ಹಾರನ್. ಪೆಟ್ಟಿಗೆಯನ್ನು ದಾಟಿ, ಅದರ ಕೆಳತುದಿಗೆ ಬೆನ್ನು ಕೊಟ್ಟು, ರಸ್ತೆಯ ಮೇಲೆ ಕುಕ್ಕರಿಸಿದ. ಎರಡೂ ಹಿಮ್ಮಡಿಯನ್ನು ನೆಲಕ್ಕೆ ಒತ್ತಿದ. ಚಪ್ಪಲಿ ಉಜ್ಜಿದವು. ಪೆಟ್ಟಿಗೆಯ ಅಂಚು ನೇರ ಸೊಂಟಕ್ಕೆ ಬಂದು ಕೂತಿತು. ಅವನ ಬಾಯಿಂದ ಒಂದು ಸದ್ದು ಬಂತು, ಅಷ್ಟೇ.

ಪೆಟ್ಟಿಗೆ ನಿಂತಿತು.

ಚಿಕ್ಕಪ್ಪ ಒಂದು ಹೆಜ್ಜೆ ಮುಂದಿಟ್ಟು ಮಗಳ ಮುಖ ನೋಡಿದ. ಎಬ್ಬಿಸಿ ಆಚೆ ಕಳಿಸಲೇ ಎಂಬ ಹಾಗೆ. ಅವಳು ಮೇಲುಗಡೆ, ಅಪ್ಪನ ತಲೆಯಿದ್ದ ಕಡೆ ನಿಂತಿದ್ದಳು. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಮಣ್ಣು ಮೆತ್ತಿದ ಅಂಗಿ, ಬಗ್ಗಿದ ಕತ್ತು. ಅವಳ ಮುಖದಲ್ಲಿ ಕರುಣೆಯೇನೂ ಇರಲಿಲ್ಲ.

"ಹಿಡಿದಿದೆಯಾ?" ಎಂದು ಕೇಳಿದಳು.

"ಹಿಡಿದಿದೆ," ಎಂದ ಅವನು, ತಿರುಗಿ ನೋಡದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ರಸ್ತೆಯ ಅಂಚಿನಲ್ಲಿ ಕೂತಳು. ಹೊತ್ತವರೂ ಒಬ್ಬೊಬ್ಬರಾಗಿ ಕೂತು ಉಸಿರು ಬಿಟ್ಟುಕೊಂಡರು. ನಡುರಸ್ತೆಯಲ್ಲಿ, ಬಿಸಿಲಿನಲ್ಲಿ, ಪೆಟ್ಟಿಗೆಯ ಪೂರ್ತಿ ಭಾರ ಆ ಸೊಟ್ಟ ಬೆನ್ನಿನ ಮೇಲೆ ನಿಂತಿತ್ತು.